ಮೆಂತ್ಯದ ಲೋಳೆ ಮಾತ್ರೆ ಸೇರುವ ಮುನ್ನ

ರಾತ್ರಿ ನೆನೆಹಾಕಿದ ಮೆಂತ್ಯ ಬೆಳಿಗ್ಗೆ ಬೆರಳಿಗೆ ಸಿಗದೆ ಜಾರುತ್ತದೆ. ಆ ಲೋಳೆ ಔಷಧ ತಯಾರಕರಿಗೂ ಬೇಕಾಗಿದೆ, ಮದ್ದಾಗಿ ಅಲ್ಲ, ಮಾತ್ರೆ ಕಟ್ಟುವ ಅಂಟಾಗಿ. ಎಷ್ಟೋ ಮಾತ್ರೆಗಳಲ್ಲಿ ನಿಜವಾದ ಮದ್ದು ಕೆಲವೇ ಮಿಲಿಗ್ರಾಂ. ಮಿಕ್ಕದ್ದೆಲ್ಲ ಅದನ್ನು ಹಿಡಿದಿಡುವ, ಹೊಟ್ಟೆಯಲ್ಲಿ ಒಡೆಯುವ ಸಾಮಗ್ರಿ.

ಲೋಳೆ ತೆಗೆಯುವುದು ಕಷ್ಟವಲ್ಲ. ಬೀಜ ಪುಡಿಮಾಡಿ, ಜಿಡ್ಡು ತೆಗೆದು, ನೀರಿನಲ್ಲಿ ನೆನೆಸಿ ಬಿಸಿಮಾಡುತ್ತಾರೆ. ಬಟ್ಟೆಯಲ್ಲಿ ಹಿಂಡಿ ಸೋಸುತ್ತಾರೆ. ಸೋಸಿದ ದ್ರವಕ್ಕೆ ಅಸಿಟೋನ್ ಸುರಿದರೆ ಲೋಳೆ ನೀರನ್ನು ಬಿಟ್ಟು ಬೆಳ್ಳನೆಯ ಎಳೆಗಳಾಗಿ ಬೇರ್ಪಡುತ್ತದೆ. ಅದನ್ನು ಹದವಾದ ಬಿಸಿಯಲ್ಲಿ ಒಣಗಿಸಿ ಜರಡಿ ಹಿಡಿದರೆ ಪುಡಿ ಸಿದ್ಧ. ಶಾಖ ಹೆಚ್ಚಾದರೆ ಕಂದುಬಣ್ಣಕ್ಕೆ ತಿರುಗುತ್ತದೆ.

ಕಷ್ಟ ಶುರುವಾಗುವುದು ಪರೀಕ್ಷೆಯಲ್ಲಿ. ಮೊದಲು ಬೀಜವೇ ಯೋಗ್ಯವೇ ಎಂದು ನೋಡಬೇಕು. ಅಳತೆಗೆರೆಯ ಗಾಜಿನ ಕೊಳವೆಯಲ್ಲಿ ಪುಡಿಗೆ ನೀರು ಹಾಕಿ, ಆಗಾಗ ಕುಲುಕಿ, ಕೆಲವು ಗಂಟೆ ಬಿಡುತ್ತಾರೆ. ಒಂದು ಗ್ರಾಂ ಮೆಂತ್ಯ ಉಬ್ಬಿ ಕನಿಷ್ಠ 6 ಮಿಲಿಲೀಟರ್ ಜಾಗ ಹಿಡಿಯಬೇಕು ಎನ್ನುತ್ತದೆ ಯುರೋಪಿನ ಔಷಧ ಮಾನದಂಡ. ಇಸಬ್‌ಗೋಲ್ ಹೊಟ್ಟಿಗೆ ಅದೇ ಲೆಕ್ಕ 40. ಲೋಳೆ ಪುಡಿಯಲ್ಲಿ ಉಳಿದ ಅಸಿಟೋನ್ ಹತ್ತು ಲಕ್ಷದಲ್ಲಿ 5000 ಭಾಗ ಮೀರಬಾರದು. ಬೂಷ್ಟು, ಬ್ಯಾಕ್ಟೀರಿಯಾಗಳ ಎಣಿಕೆಯೂ ಆಗಬೇಕು, ಏಕೆಂದರೆ ಲೋಳೆ ಎಂದರೆ ಸಕ್ಕರೆ ಕಣಗಳ ಉದ್ದನೆಯ ಸರಪಳಿ, ಸೂಕ್ಷ್ಮಜೀವಿಗಳಿಗೆ ಹಬ್ಬದೂಟ.

ನಂತರ ಮಾತ್ರೆಯ ಸರದಿ. ಉರುಳೆಯಲ್ಲಿ 100 ಸುತ್ತು ತಿರುಗಿಸಿದರೂ ಸವೆತ ಶೇ 1 ದಾಟಬಾರದು. ಲೇಪನವಿಲ್ಲದ ಸಾಮಾನ್ಯ ಮಾತ್ರೆ 37 ಡಿಗ್ರಿ ನೀರಿನಲ್ಲಿ 15 ನಿಮಿಷದೊಳಗೆ ಒಡೆದು ಚದುರಬೇಕು. ಇಲ್ಲೇ ಇರುವುದು ಲೋಳೆಯ ಚಮತ್ಕಾರ, ಅಪಾಯವೂ ಹೌದು: ಸ್ವಲ್ಪ ಬೆರೆಸಿದರೆ ನೀರು ಹೀರಿ ಉಬ್ಬಿ ಮಾತ್ರೆಯನ್ನು ಒಡೆಯುತ್ತದೆ, ಹೆಚ್ಚು ಬೆರೆಸಿದರೆ ಜೆಲ್ ಆಗಿ ಮದ್ದನ್ನು ಸುತ್ತಿಕೊಂಡು ಗಂಟೆಗಟ್ಟಲೆ ನಿಧಾನವಾಗಿ ಬಿಡುತ್ತದೆ. ನೋವಿನ ಮಾತ್ರೆ ಬೇಗ ಕೆಲಸ ಮಾಡಬೇಕಿದ್ದರೆ ಎರಡನೆಯದು ದೋಷವೇ.

ಫಾರ್ಮಸಿ ಕಾಲೇಜುಗಳ ಪ್ರಯೋಗಾಲಯದಲ್ಲಿ ಇದೆಲ್ಲ ಒಮ್ಮೆ ಚೆನ್ನಾಗಿ ಆಗುತ್ತದೆ. ಕಾರ್ಖಾನೆಗೆ ಪ್ರತಿ ಸಲವೂ ಹಾಗೇ ಆಗಬೇಕು. ತಳಿ, ಮಣ್ಣು, ಮಳೆ ಬದಲಾದರೆ ಲೋಳೆಯ ಅಂಟೂ ಬದಲಾಗುತ್ತದೆ. ‘ನೈಸರ್ಗಿಕ’ ಎಂಬ ಚೀಟಿ ಅದನ್ನು ಸರಿಪಡಿಸದು.

ಮಾನದಂಡದ ಪುಸ್ತಕಕ್ಕೆ ಸೇರಿರುವ ಇಸಬ್‌ಗೋಲ್‌ಗೂ ನೇರವಾಗಿ ಸೇವಿಸುವಾಗ ಕಟ್ಟಳೆ ಇದೆ. ತುಂಬು ಲೋಟ ನೀರಿನ ಜೊತೆಗೇ ಕುಡಿಯಿರಿ, ಇಲ್ಲವಾದರೆ ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳಬಹುದು. ಬೇರೆ ಮಾತ್ರೆ ನುಂಗುವವರು ನಡುವೆ ಒಂದೆರಡು ಗಂಟೆ ಬಿಡುವುದು ಒಳ್ಳೆಯದು.