ಫೋನು ಹೋದ ಮೇಲಿನ ನಾಲ್ಕು ತಾಸು

ಪುಣೆಯಲ್ಲಿ ಸಂಸಾರ ಹೂಡಿದ ನಮ್ಮವರಿಗೆ ಗಣೇಶೋತ್ಸವವೆಂದರೆ ಊರ ಜಾತ್ರೆ ಇದ್ದ ಹಾಗೆ. ಮಂಡಯಿಯಲ್ಲಿ ಹೂವು, ತುಳಶೀಬಾಗಿನಲ್ಲಿ ಗೌರಿಯ ಸಾಮಾನು, ಲಕ್ಷ್ಮೀ ರಸ್ತೆಯಲ್ಲಿ ಸೀರೆ ಎಂದು ಒಂದು ಸುತ್ತು ಹಾಕಿ ಬಾರದ ಹೊರತು ಮನೆಯ ಹೆಣ್ಣುಮಕ್ಕಳಿಗೆ ಹಬ್ಬ ಬಂದಂತೆಯೇ ಅಲ್ಲ. ಈ ಗರ್ದಿಗಾಗಿ ವರ್ಷವೆಲ್ಲ ಕಾಯುವ ಇನ್ನೊಂದು ಪಂಗಡವೂ ಉಂಟು, ಅದು ಕಿಸೆಗಳ್ಳರದು. ಹಿಂದೆ ಹಣದ ಪಾಕೀಟಿಗೆ ಕೈ ಹಾಕುತ್ತಿದ್ದವರು ಈಗ ಫೋನಿಗೆ ಹಾಕುತ್ತಾರೆ, ವ್ಯತ್ಯಾಸವೇನೂ ದೊಡ್ಡದಲ್ಲ ಎಂದು ನಾನು ತಿಳಿದಿದ್ದೆ. ಹಾಗಲ್ಲವೆಂಬುದು ನಮ್ಮ ಕಾಕುವಿನ ಫೋನು ಹೋದಾಗ ತಿಳಿಯಿತು.

ಕಾಕಾ ತೀರಿಕೊಂಡ ಮೇಲೆ ಕಾಕು ಧಾರವಾಡದ ಮನೆಗೆ ಬೀಗ ಹಾಕಿ ನಮ್ಮಲ್ಲಿಗೆ ಬಂದಿದ್ದಾರೆ. 2025ರಲ್ಲಿ ಗೌರಿ ಬರುವ ಹಿಂದಿನ ದಿನ ಒಬ್ಬರೇ ಮಂಡಯಿಗೆ ಹೋಗಿ, ತಿರುಗಿ ಬರುವಾಗ ಸ್ವಾರಗೇಟಿನಲ್ಲಿ ಸಿಟಿ ಬಸ್ಸು ಹತ್ತಿದರು. ಮೆಟ್ಟಿಲ ಮೇಲೆ ಮುಂದಿದ್ದವನು ಏನೋ ಹುಡುಕುತ್ತ ಅಡ್ಡ ನಿಂತ. ಹಿಂದಿನಿಂದ ನಾಲ್ಕು ಮಂದಿ ನೂಕಿದರು. ಬಸ್ಸು ಹೊರಟ ಮೇಲೆ ಚೀಲದಲ್ಲಿ ಕೈಯಾಡಿಸಿದರೆ ಹೂವಿನ ಪೊಟ್ಟಣವಿದೆ, ಚಷ್ಮಾ ಇದೆ, ಫೋನಿಲ್ಲ. ಆಗ ಮಧ್ಯಾಹ್ನ ಹನ್ನೆರಡು. ನಮಗೆ ತಿಳಿದದ್ದು ನಾಲ್ಕಕ್ಕೆ, ಅದೂ ನನ್ನ ಮಗಳು "ಅಜ್ಜಿ, ನಿಮ್ಮ ಫೋನ್ ಕೊಡ್ರಿ" ಎಂದು ಕೇಳಿದಾಗ.

"ಯಾಕ್ರಿ ಕಾಕು, ಬಂದ ಕೂಡಲೇ ಹೇಳಬಾರದಾಗಿತ್ತೇನ್ರಿ?" ಎಂದೆ.

"ಏನ್ ಹೇಳಲೆಪಾ? ಹೋದ ತಿಂಗಳು ಛತ್ರಿ ಮರ್ತು ಬಂದಾಗ ನೀ ಎಷ್ಟು ಮಾತಾಡಿದಿ. ಇದಂತೂ ಹದಿನೈದು ಸಾವಿರದ್ದು."

ನನಗೆ ಮಾತೇ ಹೊರಡಲಿಲ್ಲ.

ಆ ನಾಲ್ಕು ತಾಸಿನಲ್ಲಿ ಅವರ ಕುಟುಂಬ ಪಿಂಚಣಿ ಜಮೆಯಾಗುವ ಖಾತೆಯಿಂದ 4,900 ರೂಪಾಯಿ ಹೋಗಿತ್ತು. ಫೋನಿಗೆ ಬೀಗವಿತ್ತಲ್ಲ, ಹೇಗೆ ಹೋಯಿತು ಎಂದು ನೀವು ಕೇಳಬಹುದು, ನಾನೂ ಕೇಳಿದೆ. ಕಳ್ಳನು ಆ ಬೀಗದ ಗೊಡವೆಗೇ ಹೋಗಿರಲಿಲ್ಲ. ಒಳಗಿನ ಸಿಮ್ಮನ್ನು ಸೂಜಿಯಿಂದ ಎಬ್ಬಿಸಿ ತನ್ನ ಫೋನಿಗೆ ಹಾಕಿಕೊಂಡಿದ್ದಾನೆ. ಕಾಕುವಿನ ನಂಬರು ಈಗ ಅವನದು. ಬ್ಯಾಂಕಿನ ಒಟಿಪಿ ಬರುವುದು ಅವನಿಗೆ. ಯುಪಿಐಯ ಗುಪ್ತ ಅಂಕಿಯನ್ನು ಹೊಸದಾಗಿ ಇಡಬೇಕಾದರೆ ಎಟಿಎಂ ಕಾರ್ಡಿನ ಕೊನೆಯ ಆರು ಅಂಕಿ, ಅದರ ಅವಧಿ ಮುಗಿಯುವ ತಿಂಗಳು ಮತ್ತು ವರ್ಷ, ಜೊತೆಗೊಂದು ಒಟಿಪಿ ಇದ್ದರೆ ಸಾಕಾಗುತ್ತದೆ. ಆ ಕಾರ್ಡು ಎಲ್ಲಿತ್ತು? ಫೋನಿನ ಮಡಿಚುವ ಕವರಿನೊಳಗೇ ಇತ್ತು. ಆ ಕವರನ್ನು ಮೆಚ್ಚಿ ಕೊಂಡು ತಂದವನು ನಾನೇ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಹೊಸ ಫೋನಿನಲ್ಲಿ ಯುಪಿಐ ಹೂಡಿದ ಮೊದಲ 24 ತಾಸು ಅನೇಕ ಬ್ಯಾಂಕುಗಳು 5,000 ರೂಪಾಯಿಗಿಂತ ಹೆಚ್ಚು ಬಿಡುವುದಿಲ್ಲ. ಅದರಿಂದ ಉಳಿದದ್ದು ಉಳಿಯಿತು. ಕಾಕು ಮರುದಿನವೂ ಬಾಯಿ ಬಿಡದೆ ಇದ್ದಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಈಗಲೂ ಎದೆ ನಡುಗುತ್ತದೆ.

ರಿಸರ್ವ್ ಬ್ಯಾಂಕು 2017ರ ಜುಲೈಯಲ್ಲಿ ಹೊರಡಿಸಿದ ಸುತ್ತೋಲೆಯೊಂದರಲ್ಲಿ ಗ್ರಾಹಕನ ಹೊಣೆ ಎಷ್ಟು, ಬ್ಯಾಂಕಿನದೆಷ್ಟು ಎಂಬುದನ್ನು ವಿಂಗಡಿಸಿತು. ಗ್ರಾಹಕನ ಅಜಾಗರೂಕತೆಯಿಂದ ಹಣ ಹೋಗಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದು. ತಿಳಿಸಿದ ಗಳಿಗೆಯಿಂದ ಮುಂದಿನದು ಬ್ಯಾಂಕಿನದು. ಆದುದರಿಂದ ಗಡಿಯಾರ ನೋಡುತ್ತ ಕೂಡ್ರುವ ವಿಷಯವಲ್ಲ ಇದು.

ನಾವು ಆ ಸಂಜೆ ಮಾಡಿದ್ದನ್ನೂ, ಮಾಡಬೇಕಾಗಿದ್ದ ಕ್ರಮವನ್ನೂ ಹೇಳುತ್ತೇನೆ. ಎರಡೂ ಒಂದೇ ಆಗಿರಲಿಲ್ಲ. ನಾನು ಮೊದಲು ಓಡಿದ್ದು ಪೋಲೀಸ ಚೌಕಿಗೆ. ಅದು ತಪ್ಪು. ಮೊದಲು ಯಾರದಾದರೂ ಫೋನಿನಿಂದ ಸಿಮ್ಮಿನ ಕಂಪನಿಗೆ ಹೇಳಿ ನಂಬರು ನಿಲ್ಲಿಸಬೇಕು. ಒಡನೆಯೇ ಬ್ಯಾಂಕಿಗೆ ಹೇಳಿ ಕಾರ್ಡು, ಯುಪಿಐ ಎರಡನ್ನೂ ತಡೆಯಿಸಬೇಕು. ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡಬೇಕು. ಆಮೇಲೆ ಇನ್ನೊಂದು ಫೋನಿನಿಂದ ಗೂಗಲ್ ಅಥವಾ ಆಪಲ್ ಖಾತೆಗೆ ಹೊಕ್ಕು, ಹೋದ ಫೋನಿಗೆ ದೂರದಿಂದಲೇ ಬೀಗ ಜಡಿಯಬೇಕು. ಒಳಗಿನದನ್ನೆಲ್ಲ ಅಳಿಸುವ ಗುಂಡಿಯೂ ಅಲ್ಲಿರುತ್ತದೆ. ಅದಕ್ಕೆ ಅವಸರ ಮಾಡಬೇಡಿ. ಆಂಡ್ರಾಯ್ಡ್ ಫೋನನ್ನು ಒಮ್ಮೆ ಅಳಿಸಿದರೆ ಅದು ಎಲ್ಲಿದೆಯೆಂದು ಮತ್ತೆ ತೋರುವುದಿಲ್ಲ.

ಇದೆಲ್ಲ ಆದ ಬಳಿಕ ಚೌಕಿ. ಅಲ್ಲಿ ಕುಳಿತಿದ್ದವರು ಒಳ್ಳೆಯ ಮಾತಿನವರೇ, ಆದರೆ ಕಾಗದದ ಮೇಲೆ 'ಗಹಾಳ' ಎಂದು ಬರೆದುಕೊಂಡರು. ಮರಾಠಿಯಲ್ಲಿ ಅದಕ್ಕೆ ಕಳೆದುಹೋಯಿತು ಎಂದು ಅರ್ಥ. ಕಳೆದುಕೊಳ್ಳುವುದು ಬೇರೆ, ಕಳವಾಗುವುದು ಬೇರೆ. ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದ 2024ರ ಜುಲೈ 1ರಿಂದ ಕಳವು 303ನೆಯ ಕಲಮಿಗೆ ಸೇರಿದೆ. ಕೈಯಿಂದ ಕಸಿದುಕೊಂಡು ಓಡುವುದಕ್ಕೆ 304 ಎಂಬ ಪ್ರತ್ಯೇಕ ಕಲಮೇ ಬಂದಿದೆ. ಕದ್ದದ್ದು ನಿಮಗೆ ಖಚಿತವಿದ್ದರೆ 'ಚೋರಿ' ಎಂದೇ ಬರೆಸಿ, ಎರಡು ಸಲ ಹೇಳಬೇಕಾದರೂ ಸರಿ. ಊರಿಗೆ ಹೋಗುವಾಗ ರೈಲಿನಲ್ಲಿ ಕಳವಾದರೆ ಅದು ಇಲ್ಲಿಯವರು 'ಲೋಹಮಾರ್ಗ ಪೋಲೀಸ' ಎಂದು ಕರೆಯುವ ರೈಲ್ವೆ ಪೋಲೀಸರ ಕೆಲಸ. ಮೀರಜಿನ ಆಚೆ ಹೋಯಿತೋ ಈಚೆ ಹೋಯಿತೋ ಎಂಬ ಚಿಂತೆ ಬೇಡ. ಯಾವ ಠಾಣೆಯಲ್ಲಾದರೂ ಫಿರ್ಯಾದು ಕೊಡಬಹುದೆಂದು ಈಗಿನ ಕಾನೂನು ಹೇಳುತ್ತದೆ.

ಚೌಕಿಯಲ್ಲಿ ಕೇಳಿದ ಮೊದಲ ಪ್ರಶ್ನೆಗೇ ನಾನು ತಡವರಿಸಿದೆ. "ಐಎಂಇಐ ನಂಬರು?" ಪ್ರತಿಯೊಂದು ಫೋನಿಗೂ 15 ಅಂಕಿಗಳ ಈ ಗುರುತು ಇರುತ್ತದೆ; ಎರಡು ಸಿಮ್ಮಿನದಕ್ಕೆ ಎರಡು. ಸ್ಟಾರ್, ಹ್ಯಾಶ್, ಸೊನ್ನೆ, ಆರು, ಹ್ಯಾಶ್ ಒತ್ತಿದರೆ ಪರದೆಯ ಮೇಲೆ ಬರುತ್ತದೆ. ಆದರೆ ಫೋನೇ ಇಲ್ಲದಾಗ ಎಲ್ಲಿ ಒತ್ತುವುದು? ಪುಣ್ಯಕ್ಕೆ ಕಾಕು ಖಾಲಿ ಪೆಟ್ಟಿಗೆಯನ್ನು ಎಸೆದಿರಲಿಲ್ಲ. ಅದರಲ್ಲಿ ಕುಂಕುಮದ ಪೊಟ್ಟಣಗಳನ್ನು ತುಂಬಿಟ್ಟಿದ್ದರು. ಪೆಟ್ಟಿಗೆಯ ಬೆನ್ನಿಗೆ ನಂಬರು ಅಂಟಿಸಿತ್ತು.

ಈ ನಂಬರಿನ ಮೇಲೆ ನಿಂತ ಏರ್ಪಾಡೊಂದಿದೆ, ಸಿಇಐಆರ್ ಎಂದು. 2019ರ ಸೆಪ್ಟೆಂಬರಿನಲ್ಲಿ ಪ್ರಯೋಗಾರ್ಥವಾಗಿ ಮೊದಲು ನಮ್ಮ ಮಹಾರಾಷ್ಟ್ರದಲ್ಲೇ ತೊಡಗಿಸಿ, 2023ರ ಮೇ ತಿಂಗಳಲ್ಲಿ 'ಸಂಚಾರ ಸಾಥಿ'ಯ ಮೂಲಕ ಇಡೀ ದೇಶಕ್ಕೆ ಹರಡಿದರು. ಫಿರ್ಯಾದಿನ ಪ್ರತಿಯನ್ನೂ ಐಎಂಇಐಯನ್ನೂ ಅದರಲ್ಲಿ ದಾಖಲಿಸಿದರೆ, ಆ ಫೋನು ದೇಶದ ಯಾವ ಕಂಪನಿಯ ಸಿಮ್ಮಿಗೂ ಕೆಲಸ ಮಾಡದಂತೆ ಕಟ್ಟುತ್ತಾರೆ. ಯಾರಾದರೂ ಸಿಮ್ಮು ಹಾಕಿ ನೋಡಿದರೆ ಪೋಲೀಸರಿಗೆ ಸುಳಿವು ಹೋಗುತ್ತದೆ. ಕಳ್ಳರೂ ಸುಮ್ಮನಿಲ್ಲ, ನಂಬರನ್ನೇ ತಿದ್ದುವವರಿದ್ದಾರೆ. ಅದಕ್ಕೆ 2023ರ ದೂರಸಂಪರ್ಕ ಅಧಿನಿಯಮದಲ್ಲಿ ಮೂರು ವರ್ಷದವರೆಗೆ ಸೆರೆ ಮತ್ತು 50 ಲಕ್ಷದವರೆಗೆ ದಂಡ ಇಟ್ಟಿದ್ದಾರೆ. ಒಂದು ಮಾತು: ಹೊಸದಾಗಿ ಪಡೆದ ಅದೇ ನಂಬರಿನ ಸಿಮ್ಮಿಗೆ ಮೊದಲ 24 ತಾಸು ಎಸ್ಸೆಮ್ಮೆಸ್ಸು ಬರುವುದಿಲ್ಲ. ನಾವು ಇದನ್ನರಿಯದೆ ರಾತ್ರಿಯೆಲ್ಲ ಒಟಿಪಿಗಾಗಿ ಕಾದೆವು.

ಮಕ್ಕಳ ಟ್ಯಾಬ್ಲೆಟ್ಟಿನ ವಿಷಯ ಬೇರೆ. ಸಿಮ್ಮಿಗೆ ಜಾಗವಿಲ್ಲದೆ ವೈಫೈ ಒಂದರ ಮೇಲೆಯೇ ನಡೆಯುವಂಥದಕ್ಕೆ ಐಎಂಇಐ ಇರುವುದಿಲ್ಲ, ಆದುದರಿಂದ ಈ ಕಟ್ಟೂ ಇಲ್ಲ. ಅದಕ್ಕೆ ಪರದೆಯ ಬೀಗ, ಖಾತೆಯ ಬೀಗ, ಬರೆದಿಟ್ಟ ಸೀರಿಯಲ್ ನಂಬರು, ಇಷ್ಟೇ ಗತಿ.

ಇನ್ನು ಮುಂಚಿತವಾಗಿ ಮಾಡಬಹುದಾದದ್ದು. ಸಿಮ್ಮಿಗೇ ಒಂದು ಬೀಗವಿದೆಯೆಂದು ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಸೆಟ್ಟಿಂಗ್ಸಿನಲ್ಲಿ 'ಸಿಮ್ ಲಾಕ್' ಎಂದು ಹುಡುಕಿದರೆ ಸಿಗುತ್ತದೆ. ಅದನ್ನು ಹಾಕಿದರೆ, ಸಿಮ್ಮನ್ನು ಬೇರೆ ಫೋನಿಗೆ ಸೇರಿಸಿದವನಿಗೆ ಗುಪ್ತ ಅಂಕಿ ಕೇಳುತ್ತದೆ. ಮೂರು ಸಲ ತಪ್ಪಿದರೆ ಸಿಮ್ಮು ಮುಚ್ಚಿಕೊಳ್ಳುತ್ತದೆ. ತೆರೆಯಲು ಕಂಪನಿಯ ಪಿಯುಕೆ ಅಂಕಿ ಬೇಕು. ಅದನ್ನು ಹತ್ತು ಸಲ ತಪ್ಪಿದರೆ ಸಿಮ್ಮು ಸತ್ತಂತೆಯೇ. ಆದ್ದರಿಂದ ಕಂಪನಿ ಕೊಟ್ಟ ಮೂಲ ಅಂಕಿ ಯಾವುದೆಂದು ಮೊದಲೇ ಕೇಳಿಕೊಂಡು ಕೈಹಚ್ಚಿ, ಊಹೆಯಿಂದ ಒತ್ತಬೇಡಿ. 2024ರಿಂದ ಆಂಡ್ರಾಯ್ಡ್ ಫೋನುಗಳಿಗೆ, ಯಾರಾದರೂ ಕಸಿದು ಓಡಿದ ಚಲನೆಯನ್ನು ಅರಿತು ತಾನೇ ಬೀಗ ಹಾಕಿಕೊಳ್ಳುವ ಸೌಕರ್ಯವೂ ಬಂದಿದೆ. ನಾನು ಕಂಡಂತೆ ನಮ್ಮ ಮನೆಗಳಿಗೆ ಅದಕ್ಕಿಂತ ಸಿಮ್ಮಿನ ಬೀಗವೇ ಹೆಚ್ಚು ಉಪಯೋಗದ್ದು.

ಎರಡು ವಾರದ ಮೇಲೆ ನನ್ನ ನಂಬರಿಗೆ ಸಂದೇಶವೊಂದು ಬಂತು: ನಿಮ್ಮ ಫೋನು ಸಿಕ್ಕಿದೆ, ಈ ಕೊಂಡಿ ಒತ್ತಿ ಖಾತೆಯ ಪಾಸ್‌ವರ್ಡು ಕೊಡಿ ಎಂದು. ದೂರದಿಂದ ಬೀಗ ಹಾಕುವಾಗ ಸಿಕ್ಕವರು ತಿಳಿಸಲೆಂದು ನನ್ನ ನಂಬರನ್ನು ಪರದೆಯ ಮೇಲೆ ಬರೆದಿದ್ದೆ. ಕಳ್ಳರು ಅದನ್ನೇ ಹಿಡಿದಿದ್ದರು. ಕಾಕುವಿನ ಮುಖ ಅರಳಿತ್ತು. ಕಾಕಾ ಅವರು ಆಸ್ಪತ್ರೆಯಿಂದ ಕಳಿಸಿದ್ದ ನಾಲ್ಕು ಧ್ವನಿಸಂದೇಶಗಳು ಆ ಫೋನಿನಲ್ಲಿದ್ದವು. ಬೇರೆಲ್ಲಿಯೂ ನಕಲು ಇಟ್ಟಿರಲಿಲ್ಲ. ಅದು ಕಳ್ಳರ ಮಾತೆಂದು ಅವರಿಗೆ ತಿಳಿಸಿ ಹೇಳುವುದು ಹಣ ಹೋದದ್ದನ್ನು ಹೇಳುವುದಕ್ಕಿಂತ ಕಷ್ಟವಾಯಿತು.

ಫೋನು ಇನ್ನೂ ಸಿಕ್ಕಿಲ್ಲ. ಸಿಇಐಆರ್ ಕೊಟ್ಟ ವಿನಂತಿ ಸಂಖ್ಯೆಯನ್ನು ಕಾಕು ಹಾಲಿನ ಲೆಕ್ಕದ ಡಾಯರಿಯಲ್ಲಿ ಬರೆದಿಟ್ಟಿದ್ದಾರೆ. ಪಕ್ಕದಲ್ಲೇ ಮನೆಯ ಎಲ್ಲರ ಫೋನಿನ ಐಎಂಇಐಗಳೂ ಇವೆ. ಪ್ರತಿ ತಿಂಗಳು ಪಿಂಚಣಿ ಬಂದ ದಿನ ಚಷ್ಮಾ ಏರಿಸಿಕೊಂಡು ಡಾಯರಿ ಹಿಡಿದು ನನ್ನ ಬಳಿ ಕೂಡ್ರುತ್ತಾರೆ. "ಹಾಕಿ ನೋಡಪಾ ಒಮ್ಮೆ" ಎನ್ನುತ್ತಾರೆ. ನಾನು ಹಾಕಿ ನೋಡುತ್ತೇನೆ.