ಒಬ್ಬನ ತೋಟದ ಬಲೆ ಸಾಲದು

ಯಲಹಂಕದ ಪಕ್ಕದ ಅಟ್ಟೂರಿನಲ್ಲಿ, ಬಡಾವಣೆಗಳು ಒತ್ತಿಕೊಂಡು ಬಂದಿರುವ ನೆಲದ ನಡುವೆ, ಸರಕಾರದ ಒಂದು ಸಂಶೋಧನಾ ತೋಟವಿದೆ. ಹೆಬ್ಬಾಳದಲ್ಲಿ ಮುಖ್ಯ ಕಚೇರಿಯುಳ್ಳ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋಗೆ ಸೇರಿದ್ದು ಅದು. ಈ ಸಂಸ್ಥೆಯ ವಿಜ್ಞಾನಿಗಳು ಮಾಡುತ್ತಿರುವ ಕೆಲಸಗಳಲ್ಲಿ ಒಂದು, ಹುಳಗಳ ಮಾತನ್ನು ಕದ್ದು ಕೇಳುವುದು. ಹುಳ ವಾಸನೆಯಿಂದ ಮಾತಾಡುತ್ತದೆ. ಹೆಣ್ಣು ಗಂಡನ್ನು ಕರೆಯುವುದೂ, ಹಸಿದದ್ದು ತನ್ನ ಗಿಡವನ್ನು ಹುಡುಕುವುದೂ ವಾಸನೆಯಿಂದಲೇ. ಗಿರಣಿ ಕಾರ್ಮಿಕನಿಗೂ ಸಂತೆಯ ಹಣ್ಣಿನ ವ್ಯಾಪಾರಿಗೂ ಇದರಿಂದ ಆಗಬೇಕಾದದ್ದೇನು ಎಂದು ಕೇಳಬಹುದು. ಬಹಳವಿದೆ.

ಈ ವಿದ್ಯೆಗೆ ತಳಹದಿ ಹಾಕಿದ್ದು ನಮಗೆ ಚೆನ್ನಾಗಿ ಗೊತ್ತಿರುವ ರೇಷ್ಮೆ ಹುಳವೇ. ಜರ್ಮನಿಯ ಬುಟೆನಾಂಟ್ ಮತ್ತು ಸಂಗಡಿಗರು ಸುಮಾರು 20 ವರ್ಷ ದುಡಿದು, 5 ಲಕ್ಷ ರೇಷ್ಮೆ ಚಿಟ್ಟೆಗಳಿಂದ ಚಿಟಿಕೆಗೂ ಕಡಮೆಯಷ್ಟು ವಸ್ತುವನ್ನು ತೆಗೆದು, ಅದು ಏನೆಂಬುದನ್ನು 1959ರಲ್ಲಿ ಲೋಕಕ್ಕೆ ತಿಳಿಸಿದರು. ಅದಕ್ಕೂ ಮುಂಚೆಯೇ, ಬಿಹಾರದ ಪೂಸಾದಲ್ಲಿದ್ದ ಹೌಲೆಟ್ ಎಂಬ ಇಂಗ್ಲಿಷ್ ವಿಜ್ಞಾನಿ ಸಿಟ್ರೊನೆಲ್ಲಾ ಎಣ್ಣೆಗೆ ಹಣ್ಣುನೊಣದ ಗಂಡುಗಳು ಮುತ್ತುವುದನ್ನು 1912ರಲ್ಲಿ ವರದಿ ಮಾಡಿದ್ದನು. ಅವುಗಳನ್ನು ಎಳೆಯುವ ವಸ್ತು ಮೀಥೈಲ್ ಯುಜಿನಾಲ್ ಎಂದು ಬಳಿಕ ತಿಳಿಯಿತು. ಆ ವಸ್ತು ನಮ್ಮ ಅಂಗಳದ ತುಳಸಿಯಲ್ಲೂ ಇದೆ.

ಹಣ್ಣುನೊಣದ ಕಾಟವನ್ನು ಹಣ್ಣಿನ ವ್ಯಾಪಾರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಮೇಲೆ ಸೂಜಿ ಚುಚ್ಚಿದಷ್ಟು ಗುರುತು. ಕೊಯ್ದರೆ ಒಳಗೆಲ್ಲ ಹುಳ. ಗಿರಾಕಿ ಹಣ್ಣನ್ನು ಮುಖಕ್ಕೆ ಹಿಡಿಯುತ್ತಾನೆ, ನಷ್ಟ ತಳ್ಳುಗಾಡಿಯವನದು. ದೊಡ್ಡ ವ್ಯಾಪಾರವೂ ಇದರಿಂದ ತಪ್ಪಿಸಿಕೊಂಡಿಲ್ಲ. ಈ ನೊಣದ ಕಾರಣದಿಂದ ಯೂರೋಪ್ ಒಕ್ಕೂಟ 2014ರ ಮೇ 1ರಿಂದ ಭಾರತದ ಮಾವನ್ನೇ ನಿಷೇಧಿಸಿ, ಮುಂದಿನ ವರ್ಷ ಬಾಗಿಲು ತೆರೆಯಿತು. ಕಾಯಿಯೊಳಗೆ ಸೇರಿದ ಹುಳಕ್ಕೆ ಹೊರಗಿನಿಂದ ಔಷಧಿ ಹೊಡೆದು ಫಲವಿಲ್ಲ. ಆದರೆ ಮೀಥೈಲ್ ಯುಜಿನಾಲಿನಲ್ಲಿ ನೆನೆಸಿದ ಮರದ ತುಂಡನ್ನು, ಚೂರು ವಿಷದೊಡನೆ, ಡಬ್ಬಿಯಲ್ಲಿಟ್ಟು ತೂಗಹಾಕಿದರೆ ಗಂಡುಗಳು ತಾವಾಗಿ ಬಂದು ಬೀಳುತ್ತವೆ. ವಿಷ ಡಬ್ಬಿಯಲ್ಲೇ ಉಳಿಯುತ್ತದೆ, ಹಣ್ಣಿಗೆ ಸೋಕುವುದಿಲ್ಲ.

ತೊಡಕೆಂದರೆ ಈ ವಸ್ತು ಬೇಗ ಆವಿಯಾಗುತ್ತದೆ; ಮತ್ತೆ ಮತ್ತೆ ಕೊಳ್ಳಬೇಕು. ಹೆಬ್ಬಾಳದ ಈ ಸಂಸ್ಥೆಯೂ ಬೆಂಗಳೂರಿನ ವಿಜ್ಞಾನ ಸಂಸ್ಥೆಯೂ ಸೇರಿ ಅದನ್ನು ಲೋಳೆಯಂಥ ಜೆಲ್ಲಿನಲ್ಲಿ ಹಿಡಿದಿಟ್ಟು, ಸೀಬೆ ತೋಟದಲ್ಲಿ ಪರೀಕ್ಷಿಸಿ, 2013ರಲ್ಲಿ ಪ್ರಕಟಿಸಿದವು. ಬಳಿಕ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದೊಡನೆ ಸೇರಿ, ಸಣ್ಣ ರಂಧ್ರಗಳ ಸಿಲಿಕಾದಲ್ಲಿ ಇಂಥ ವಾಸನೆಗಳನ್ನು ಹಿಡಿದಿಟ್ಟು ನಿಧಾನವಾಗಿ ಬಿಡುವ ಉಪಾಯವನ್ನೂ ಕಂಡುಹಿಡಿದರು. ಇವೆಲ್ಲ ಜನರ ತೆರಿಗೆಯ ಹಣದಲ್ಲಿ ಆದ ಕೆಲಸ.

ಹತ್ತಿಯ ಕಥೆಯೂ ಬೇರೆಯಲ್ಲ. ಗುಲಾಬಿ ಕಾಯಿಕೊರಕ ತಿಂದ ಹತ್ತಿ ಕಲೆಗಟ್ಟಿ, ಎಳೆ ಕೆಟ್ಟು ಗಿರಣಿಗೆ ಬರುತ್ತದೆ. 2002ರಲ್ಲಿ ಬಿಟಿ ಬೀಜ ಬಂದಾಗ ಇನ್ನು ಕಾಯಿಕೊರಕದ ಚಿಂತೆಯಿಲ್ಲ ಎಂದರು. ಹುಳ ಅದನ್ನೂ ಅರಗಿಸಿಕೊಂಡಿತು. ಅದರ ಹೆಣ್ಣಿನ ವಾಸನೆ 1973ರಿಂದಲೇ ಗೊತ್ತಿದೆ. ಆ ವಾಸನೆಯನ್ನು ಹೊಲದ ತುಂಬ ಹರಡಿದರೆ ಗಂಡಿಗೆ ದಿಕ್ಕು ತಪ್ಪಿ, ಜೋಡಿ ಸಿಕ್ಕುವುದಿಲ್ಲ.

ಇದನ್ನು ಬಿಟ್ಟು ವಿಷವನ್ನೇ ನಂಬಿದರೆ ಆಗುವುದೇನೆಂಬುದನ್ನು ಎರಡು ಊರುಗಳು ಕಂಡಿವೆ. ಯವತ್ಮಾಳದಲ್ಲಿ 2017ರಲ್ಲಿ ಹತ್ತಿಗೆ ಔಷಧಿ ಹೊಡೆದ ರೈತರೂ ಕೂಲಿಗಳೂ 20ರಷ್ಟು ಮಂದಿ ಸತ್ತರು. ನಮ್ಮ ಕನ್ನಡದ ನೆಲವೇ ಆದ ಕಾಸರಗೋಡಿನ ಪಡ್ರೆಯಲ್ಲಿ ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ನೊಂದವರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2017ರಲ್ಲಿ. ಎರಡೂ ಕಡೆ ವಿಷ ಕುಡಿದವರು ಕೂಲಿಕಾರರು, ಬಡವರು. ವಿಷ ಮಾರಿದವರಿಗೆ ಕೆಮ್ಮು ಸಹ ಬರಲಿಲ್ಲ.

ಹಾಗಾದರೆ ಮೋಹಕ ಬಲೆ ಪ್ರತಿ ತೋಟದಲ್ಲೂ ಏಕಿಲ್ಲ? ಈ ಪ್ರಶ್ನೆಯೇ ನಮ್ಮದು. ವಿಷದ ಡಬ್ಬಿಯನ್ನು ಒಬ್ಬನೇ ಕೊಂಡು ಒಬ್ಬನೇ ಹೊಡೆಯಬಹುದು. ಬಲೆ ಹಾಗಲ್ಲ. ರಾಮಣ್ಣ ತನ್ನ ಎರಡು ಎಕರೆಯಲ್ಲಿ ಬಲೆ ಕಟ್ಟಿ ಪಕ್ಕದ ತಿಮ್ಮಣ್ಣ ಸುಮ್ಮನಿದ್ದರೆ, ತಿಮ್ಮಣ್ಣನ ತೋಟದಲ್ಲಿ ಜೋಡಿಯಾದ ಹೆಣ್ಣು ನೊಣ ಬೇಲಿ ಹಾರಿ ಬಂದು ರಾಮಣ್ಣನ ಹಣ್ಣಿನಲ್ಲಿ ಮೊಟ್ಟೆಯಿಡುತ್ತದೆ. ಹತ್ತಿ ಹೊಲದಲ್ಲೂ ಇದೇ ಪಾಡು. ರಾಮಣ್ಣ ಬಲೆ ಕಿತ್ತೆಸೆದು, ಇದು ಸುಳ್ಳು ವಿದ್ಯೆ ಎಂದು ಮತ್ತೆ ಔಷಧಿ ಅಂಗಡಿಗೆ ಹೋಗುತ್ತಾನೆ. ಅವನನ್ನು ದೂರುವುದು ನ್ಯಾಯವಲ್ಲ. ಊರೆಲ್ಲ ಕೂಡಿ ಮಾಡತಕ್ಕ ಕೆಲಸವನ್ನು ಒಬ್ಬೊಬ್ಬನ ಜೇಬಿಗೆ ಬಿಟ್ಟವರದು ತಪ್ಪು.

ಸರಕಾರಿ ಪ್ರಯೋಗಾಲಯದ ವಿದ್ಯೆಯನ್ನು ಹಣ ಪಡೆದು ಕಂಪನಿಗಳಿಗೆ ಕೊಡುವುದು ಈಗಿನ ಪದ್ಧತಿ. ಕೊಡಲಿ, ನಮ್ಮ ಅಡ್ಡಿಯಿಲ್ಲ. ಅದೇ ವಿದ್ಯೆ ರೈತರ ಸಹಕಾರ ಸಂಘಗಳಿಗೆ ಹಣವಿಲ್ಲದೆ ಸಿಗತಕ್ಕದ್ದು ಎಂಬುದು ನಮ್ಮ ಒತ್ತಾಯ. ಶ್ರೀನಿವಾಸಪುರದ ಮಾವಿನ ಸೀಮೆ ಅಟ್ಟೂರಿಗೆ ದೂರವಲ್ಲ. ಬರುವ ಹಂಗಾಮಿನಲ್ಲಿ, ಕಾಯಿ ಬಲಿಯುವುದಕ್ಕೆ ಮುಂಚೆ, ಅಲ್ಲಿಯ ಒಂದು ಹೋಬಳಿಯ ಎಲ್ಲ ತೋಟಗಳಲ್ಲೂ ಒಂದೇ ವಾರದಲ್ಲಿ ಬಲೆ ಕಟ್ಟಿಸಲಿ. ಖರ್ಚು ಸರಕಾರದ್ದು, ಕಟ್ಟುವ ಕೂಲಿ ಊರಿನವರದು, ಲೆಕ್ಕ ಇಡುವುದು ಸಹಕಾರ ಸಂಘದ್ದು. ಹಂಗಾಮು ಮುಗಿದ ಮೇಲೆ ಮಂಡಿಯಲ್ಲಿ ಎಷ್ಟು ಹಣ್ಣು ಹುಳುಕೆಂದು ತಿರಸ್ಕೃತವಾಯಿತು ಎಂಬುದನ್ನು ವ್ಯಾಪಾರಿಗಳ ಮುಂದೆಯೇ ಎಣಿಸಿ, ಆ ಲೆಕ್ಕವನ್ನು ತೋಟಗಾರಿಕೆ ಇಲಾಖೆ ಪ್ರಕಟಿಸಲಿ.