ಹಿತ್ತಲಿಗೆ ಔಷಧಿ ಹೊಡೆಯೋ ಮುಂಚೆ ಎಲೆ ತಿರುಗಿಸಿ ನೋಡಿ

ಮಳೆ ಬಿದ್ದಿದ್ದೇ ತಡ ಕೆಂಪಾಪುರ, ಹೆಬ್ಬಾಳದ ಸುತ್ತ ಖಾಲಿ ಸೈಟು, ಬದು, ಹಿತ್ತಲು ಎಲ್ಲಾ ಕಡೆ ಕಾಂಗ್ರೆಸ್ ಗಿಡ ಎದ್ದಿದೆ. ಕಳೆ ಔಷಧಿ ತರೋಕೆ ಹೊರಟಿರೋರಿಗೆ ನನ್ನದು ಒಂದೇ ಮಾತು: ಮೊದಲು ಆ ಗಿಡದ ಹತ್ತಿರ ಕೂತು ನೋಡಿ.

ಎಲೆ ತೂತು ತೂತಾಗಿದ್ರೆ ಅಲ್ಲಿ ತೊಗರಿ ಕಾಳಿನಷ್ಟು ದಪ್ಪದ ದುಂಬಿ ಸಿಗಬಹುದು. ಕೆನೆ ಬಣ್ಣ, ಬೆನ್ನ ಮೇಲೆ ಕಂದು ಗೆರೆ. ಇದು ಮೆಕ್ಸಿಕೊ ದೇಶದ್ದು. ಈ ಕಳೆ ತಿನ್ನಲಿ ಅಂತಲೇ ತರಿಸಿ, 1984ರಲ್ಲಿ ನಮ್ಮ ಬೆಂಗಳೂರಲ್ಲೇ ಬಿಟ್ಟರು. ದುಂಬಿನೂ ಎಲೆ ತಿನ್ನುತ್ತೆ, ಅದರ ಮರಿಹುಳನೂ ತಿನ್ನುತ್ತೆ. ಒಣ ಕಾಲದಲ್ಲಿ ಮಣ್ಣೊಳಗೆ ಮಲಗಿದ್ದು ಮಳೆ ಬಿದ್ಮೇಲೆ ಎದ್ದು ಬರುತ್ತೆ. ಸೂರ್ಯಕಾಂತಿನೂ ತಿನ್ನುತ್ತೆ ಅಂತ 1990ರ ದಶಕದ ಶುರುವಲ್ಲಿ ಗಲಾಟೆ ಆಗಿತ್ತು. ಆದ್ರೆ ಅದು ಆ ಬೆಳೆಗೆ ಪೀಡೆ ಆಗಲೇ ಇಲ್ಲ.

ದುಂಬಿ ಒಂದೇ ಈ ಕಳೆ ಮುಗಿಸುತ್ತಾ? ಇಲ್ಲ. ಒಂದು ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಉದುರಿಸುತ್ತೆ. ದುಂಬಿ ಇಲ್ಲದ ಕಡೆ ಹೂ ಬಿಡೋ ಮುಂಚೆ ಕೈಗೆ ಗವಸು ಹಾಕ್ಕೊಂಡು ಕೀಳಬೇಕು. ಆದ್ರೆ ದುಂಬಿ ಇರೋ ಜಾಗಕ್ಕೆ ಕಳೆ ಔಷಧಿ ಹೊಡೆದ್ರೆ ಅದರ ಊಟವೇ ಹೋಯ್ತು. ಮಣ್ಣಲ್ಲಿರೋ ಬೀಜ ಮತ್ತೆ ಹುಟ್ಟುತ್ತೆ, ತಿನ್ನೋಕೆ ದುಂಬಿ ಇರಲ್ಲ.

ಪರಂಗಿ ಗಿಡದ ಕಥೆಯೂ ಹೀಗೇ. 2008ರಲ್ಲಿ ಕೊಯಮತ್ತೂರಿನ ಕಡೆ ಕಾಣಿಸಿಕೊಂಡ ಬಿಳಿ ಹಿಟ್ಟು ತಿಗಣೆ ಪರಂಗಿ, ಹಿಪ್ಪುನೇರಳೆ ಎರಡನ್ನೂ ಹಾಳು ಮಾಡ್ತು. ಎಷ್ಟು ಔಷಧಿ ಹೊಡೆದ್ರೂ ಆ ಹಿಟ್ಟಿನೊಳಗೆ ಇಳಿಯಲ್ಲ. 2010ರಲ್ಲಿ ಪೋರ್ಟೊರಿಕೊದಿಂದ ಸಣ್ಣ ಕಣಜಗಳನ್ನ ತರಿಸಿ ಸಾಕಿ ಬಿಟ್ಟಿದ್ದು ನಾವು ದಿನಾ ಓಡಾಡೋ ಬಳ್ಳಾರಿ ರಸ್ತೆಯ ಹೆಬ್ಬಾಳದ ಸಂಸ್ಥೆ. ಈಗ ಅದರ ಹೆಸರು ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ. ಕಣಜ ತಿಗಣೆಯ ಮೈಯೊಳಗೆ ಮೊಟ್ಟೆ ಇಡುತ್ತೆ, ಮರಿ ಒಳಗಿಂದಲೇ ತಿಂದು ಮುಗಿಸುತ್ತೆ. ಎಲೆ ತಿರುಗಿಸಿದಾಗ ಒಣಗಿ ಕಂದಾದ, ತೂತಿರೋ ತಿಗಣೆ ಕಂಡ್ರೆ ಕಣಜ ಬಂದಿದೆ ಅಂತ ಲೆಕ್ಕ.

ಮೈಗೆಲ್ಲಾ ಹಿಟ್ಟು ಮೆತ್ತಿಕೊಂಡ ದಪ್ಪ ಹುಳ ಕಂಡ್ರೂ ಹೊಸಕಬೇಡಿ. ಅದು ತಿಗಣೆ ತಿನ್ನೋ ಒಂದು ಚಿಟ್ಟೆಯ ಮರಿ. ಅದರ ಕೋಶ ಥೇಟ್ ಕೋತಿ ಮುಖದ ಹಾಗಿರುತ್ತೆ, ಮಕ್ಕಳಿಗೆ ತೋರಿಸಿ. ಇರುವೆ ಸಾಲು ಹತ್ತಿದ್ರೆ ಮಾತ್ರ ತಡೀರಿ. ತಿಗಣೆ ಬಿಡೋ ಸಿಹಿ ಅಂಟಿನ ಆಸೆಗೆ ಇರುವೆ ಕಾವಲು ಕೂತು, ಕಣಜವನ್ನ ಹತ್ತಿರ ಬಿಡಲ್ಲ.

ಹೊಲದ ಬೆಳೆ ಮೇಲೆ ಸಾಲ ಇರುತ್ತೆ, ಅಲ್ಲಿ ಕಾಯೋಕೆ ಧೈರ್ಯ ಬರಲ್ಲ ಅಂತೀರಿ. ಒಪ್ಪಿದೆ. ಆದ್ರೆ ಹಿತ್ತಲಿನ ಎರಡು ಪರಂಗಿ ಗಿಡದ ಮೇಲೆ ಯಾವ ಸಾಲ ಇದೆ? ಅಲ್ಲಾದ್ರೂ ಈ ಜೀವಿಗಳಿಗೆ ಜಾಗ ಬಿಡೋಣ. ಇಲ್ಲಿ ಬದುಕಿದ ಕಣಜ ನಾಳೆ ಪಕ್ಕದ ತೋಟಕ್ಕೂ ಹಾರುತ್ತೆ. ಕೂಲಿ ಕೇಳಲ್ಲ.

ನಿಮ್ಮಲ್ಲಿ ಗೆರೆ ದುಂಬಿ ಇದ್ರೆ ಕೆಳಗೆ ಬರೀರಿ. ಇಲ್ಲದೋರು ತೂತು ಮಾಡಿದ ಡಬ್ಬಿ ತಂದು ಹಿಡ್ಕೊಂಡು ಹೋಗ್ಲಿ.